ಬಂದೂಕು ಹಿಡಿದ ನೆರೆಯವನು

(ಅಮೆರಿಕದಲ್ಲಿ ಸಾಮಾನ್ಯ ಜನ ತಾವೇ ಬಂದೂಕು ಹಿಡಿದು ಅಕ್ಕಪಕ್ಕದವರ ರಕ್ಷಣೆಗೆ ಇಳಿಯುವುದರ ಬಗ್ಗೆ ಮಾಡಿದ ಉಪನ್ಯಾಸ ಇದು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಮಾತಿನ ಧಾಟಿಯನ್ನು ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಒಂದು ಹಾರ್ಡ್‌ವೇರ್ ಅಂಗಡಿಯಿಂದ ಶುರು ಮಾಡುತ್ತೇನೆ.

ಮಿನ್ನೆಸೋಟ ರಾಜ್ಯದ ನಾರ್ತ್‌ಫೀಲ್ಡ್ ಆಗ ಸಣ್ಣ ಊರು. 1876ರ ಸೆಪ್ಟೆಂಬರ್ 7ರ ಮಧ್ಯಾಹ್ನ ಅಲ್ಲಿಗೆ ಎಂಟು ಜನ ಕುದುರೆ ಸವಾರರು ಬಂದರು. ಮೈಮೇಲೆ ಉದ್ದನೆಯ ನಿಲುವಂಗಿ, ಕೆಳಗೆ ಒಳ್ಳೊಳ್ಳೆ ಕುದುರೆ. ಇವರು ಯಾರು ಅಂತ ಊರವರು ಆಗಲೇ ತಿರುಗಿ ನೋಡಿದ್ದರು. ಮೂವರು ಬ್ಯಾಂಕಿನೊಳಗೆ ಹೋದರು. ಹಾರ್ಡ್‌ವೇರ್ ಅಂಗಡಿಯ ಜೆ. ಎಸ್. ಆಲೆನ್ ಅನುಮಾನ ಬಂದು ಬಾಗಿಲ ಹತ್ತಿರ ಹೋದ. ಕಾವಲಿಗಿದ್ದವನು ಅವನನ್ನು ಗಪ್ಪನೆ ಹಿಡಿದುಕೊಂಡ. ಆಲೆನ್ ಕೊಸರಿಕೊಂಡು ಓಡಿದ. ಬ್ಯಾಂಕ್ ದರೋಡೆ ಆಗ್ತಿದೆ, ಬಂದೂಕು ತಗೊಳ್ಳಿ ಅಂತ ಕೂಗುತ್ತಲೇ ಓಡಿದ.

ಬಂದೂಕು ಎಲ್ಲಿತ್ತು? ಅಂಗಡಿಯಲ್ಲಿ. ಆಗ ಮೊಳೆ, ಸುತ್ತಿಗೆ ಮಾರುತ್ತಿದ್ದ ಕಡೆಯೇ ಬಂದೂಕೂ ಸಿಗುತ್ತಿತ್ತು. ಮ್ಯಾನಿಂಗ್ ಎಂಬ ಇನ್ನೊಬ್ಬ ಹಾರ್ಡ್‌ವೇರ್ ವ್ಯಾಪಾರಿ ತನ್ನ ಅಂಗಡಿಯ ರೈಫಲ್ ಹಿಡಿದು ಬೀದಿಗೆ ಬಂದ. ಹೆನ್ರಿ ವೀಲರ್ ಎಂಬ ವೈದ್ಯಕೀಯ ವಿದ್ಯಾರ್ಥಿ ರಜೆಗೆ ಊರಿಗೆ ಬಂದಿದ್ದ. ಅವನು ಎದುರಿನ ಹೋಟೆಲಿಗೆ ಓಡಿ, ಅಲ್ಲಿದ್ದ ಹಳೇ ಕಾಲದ ಮಿಲಿಟರಿ ಬಂದೂಕು ಮತ್ತು ಕೆಲವೇ ಕೆಲವು ತೋಟಾ ಹಿಡಿದು ಮಹಡಿ ಕಿಟಕಿಗೆ ಹೋದ. ಬಂದೂಕು ಸಿಗದವರು ಕಲ್ಲು ಎಸೆದರು. ಕೆಲವೇ ನಿಮಿಷದಲ್ಲಿ ಎಲ್ಲಾ ಮುಗಿಯಿತು. ಇಬ್ಬರು ದರೋಡೆಕೋರರು ಬೀದಿಯಲ್ಲೇ ಸತ್ತರು. ತಿಜೋರಿ ತೆರೆಯಲು ಒಪ್ಪದ ಬ್ಯಾಂಕ್ ನೌಕರ ಜೋಸೆಫ್ ಹೇವುಡ್‌ನನ್ನು ಅವರು ಕೊಂದುಹಾಕಿದ್ದರು. ಅವರ ಕೈಗೆ ಸಿಕ್ಕಿದ್ದು 26 ಡಾಲರ್ 70 ಸೆಂಟ್. ಅಮೆರಿಕವನ್ನೇ ನಡುಗಿಸಿದ್ದ ಜೆಸ್ಸಿ ಜೇಮ್ಸ್‌ನ ತಂಡ ಅದು!

ಈ ಕಥೆಯನ್ನು ಅಮೆರಿಕದಲ್ಲಿ ಇವತ್ತಿಗೂ ಹೆಮ್ಮೆಯಿಂದ ಹೇಳುತ್ತಾರೆ. ಅದು ತಪ್ಪೇನಲ್ಲ. ಆದರೆ ಅದರಲ್ಲಿ ಬಂದೂಕಿಗಿಂತ ನನ್ನ ಕಣ್ಣಿಗೆ ಬೀಳುವುದು ಬೇರೆ. ಆ ಬೀದಿಯಲ್ಲಿ ಕಳ್ಳ ಯಾರು, ಊರವನು ಯಾರು ಅಂತ ಯಾರೂ ಯಾರನ್ನೂ ಕೇಳಬೇಕಾಗಿರಲಿಲ್ಲ. ವೀಲರ್ ಕಿಟಕಿಯಿಂದ ಕೆಳಗೆ ನೋಡಿದರೆ ಮ್ಯಾನಿಂಗ್ ಮ್ಯಾನಿಂಗೇ, ಆಲೆನ್ ಆಲೆನ್ನೇ. ಉದ್ದ ಅಂಗಿಯ ಅಪರಿಚಿತರು ದರೋಡೆಕೋರರು. ಲೆಕ್ಕ ಅಷ್ಟು ಸರಳ. ಆ ಲೆಕ್ಕಕ್ಕೆ ಸಿಗದವನು ಆ ದಿನ ಬೀದಿಯಲ್ಲಿ ಒಬ್ಬನಿದ್ದ. ನಿಕೊಲಸ್ ಗುಸ್ತಾಫ್ಸನ್ ಅಂತ, ಸ್ವೀಡನ್ನಿನಿಂದ ವಲಸೆ ಬಂದವನು. ಬೀದಿ ಬಿಟ್ಟು ಹೋಗಿ ಅಂತ ದರೋಡೆಕೋರರು ಇಂಗ್ಲಿಷಿನಲ್ಲಿ ಕೂಗಿದ್ದು ಅವನಿಗೆ ಅರ್ಥವಾಗಲಿಲ್ಲ ಅನ್ನುತ್ತಾರೆ. ಗುಂಡು ತಗುಲಿ ಕೆಲವು ದಿನದ ಮೇಲೆ ತೀರಿಕೊಂಡ.

ಹದಿನಾರು ವರ್ಷ ಕಳೆದು, 1892ರ ಅಕ್ಟೋಬರ್ 5ರಂದು, ಕನ್ಸಾಸ್ ರಾಜ್ಯದ ಕಾಫಿವಿಲ್ ಊರಲ್ಲಿ ಇದೇ ಕಥೆ. ಡಾಲ್ಟನ್ ಸೋದರರ ತಂಡ ಒಂದೇ ಸಲಕ್ಕೆ ಎರಡು ಬ್ಯಾಂಕ್ ದೋಚಲು ಹೋಯಿತು. ಅವರಿಗೆ ಒಂದು ತಾಪತ್ರಯ. ಆ ಊರಿನವರಿಗೆ ಅವರ ಮುಖ ಪರಿಚಯ ಇತ್ತು. ಹಾಗಾಗಿ ಸುಳ್ಳು ಗಡ್ಡ ಅಂಟಿಸಿಕೊಂಡು ಬಂದರು. ಆದರೂ ರಸ್ತೆ ದಾಟುವಾಗ ಅಂಗಡಿಯವನೊಬ್ಬ ಗುರುತು ಹಿಡಿದುಬಿಟ್ಟ. ಇಲ್ಲೂ ಹಾರ್ಡ್‌ವೇರ್ ಅಂಗಡಿಯವರೇ ಜನರ ಕೈಗೆ ಬಂದೂಕು ಕೊಟ್ಟರು. ದರೋಡೆಕೋರರಲ್ಲಿ ನಾಲ್ವರು ಸತ್ತರು, ಊರ ಕಡೆಯಲ್ಲೂ ನಾಲ್ವರು ಸತ್ತರು. ಊರವರ ಗೆಲುವು ಅಂತ ಕಥೆ ಹೇಳುವಾಗ ಈ ಎರಡನೇ ನಾಲ್ಕನ್ನು ಸ್ವಲ್ಪ ಮೆಲ್ಲಗೆ ಹೇಳುತ್ತಾರೆ.

ನಾನು ಹೇಳಬೇಕೆಂದಿರುವುದು ಇಷ್ಟೇ. ಸಾಮಾನ್ಯ ಮನುಷ್ಯನೊಬ್ಬ ಬಂದೂಕು ಹಿಡಿದು ನೆರೆಯವರನ್ನು ಕಾಯಲು ಹೊರಟಾಗ ಧೈರ್ಯದ ಪ್ರಶ್ನೆ, ಗುರಿಯ ಪ್ರಶ್ನೆ ಆಮೇಲೆ ಬರುತ್ತವೆ. ಮೊದಲು ಬರುವುದು ಗುರುತಿನ ಪ್ರಶ್ನೆ. ಅವನಿಗೆ ಎದುರಿಗಿರುವವನು ಯಾರು ಅಂತ ಗೊತ್ತಾ? ಅದಕ್ಕಿಂತ ಹೆಚ್ಚಾಗಿ, ಇವನು ಯಾರು ಅಂತ ಬೇರೆಯವರಿಗೆ ಗೊತ್ತಾ?

ಹಳೇ ಕಾನೂನು ಬರೆದವರಿಗೆ ಇದು ಗೊತ್ತಿತ್ತು ಅನಿಸುತ್ತದೆ. ಇಂಗ್ಲೆಂಡಿನಲ್ಲಿ 1285ರಲ್ಲಿ ವಿಂಚೆಸ್ಟರ್ ಶಾಸನ ಅಂತ ಬಂತು. 15ರಿಂದ 60 ವರ್ಷದ ಗಂಡಸರೆಲ್ಲ ತಮ್ಮ ಆಸ್ತಿಗೆ ತಕ್ಕ ಆಯುಧ ಇಟ್ಟುಕೊಳ್ಳಬೇಕು. ಕಳ್ಳತನ ಆಗಿ ಕೂಗು ಎದ್ದರೆ ಊರಿಗೆ ಊರೇ ಬೆನ್ನು ಹತ್ತಬೇಕು. ಅದರಲ್ಲೇ ಇನ್ನೊಂದು ಮಾತಿದೆ. ರಾತ್ರಿ ಹೊತ್ತು ಅಪರಿಚಿತ ಹಾದು ಹೋದರೆ ಬೆಳಗಿನವರೆಗೆ ಹಿಡಿದಿಡಿ ಅಂತ. ತಪ್ಪು ಮಾಡಿದವನನ್ನಲ್ಲ, ಅಪರಿಚಿತನನ್ನು! ಲಂಡನ್ನಿಗೆ ಸಂಬಳದ, ಸಮವಸ್ತ್ರದ ಪೊಲೀಸ್ ಬಂದಿದ್ದು 1829ರಲ್ಲಿ. ಸಮವಸ್ತ್ರ ಅಂದರೆ ಏನು ಹೇಳಿ? ದೂರದಿಂದಲೇ ಓದಬಹುದಾದ ಗುರುತು, ಅಷ್ಟೇ ಅಲ್ವಾ.

ಈಗ ಇವತ್ತಿಗೆ ಬರೋಣ. ಪೊಲೀಸರಿರುವಾಗ ಜನಕ್ಕೆ ಬಂದೂಕು ಯಾಕೆ ಅಂತ ಕೇಳುವವರು ಒಂದು ತೀರ್ಪು ಓದಬೇಕು. 1975ರಲ್ಲಿ ವಾಷಿಂಗ್ಟನ್ ನಗರದ ಒಂದು ಮನೆಗೆ ಇಬ್ಬರು ನುಗ್ಗಿದರು. ಮಹಡಿಯಲ್ಲಿದ್ದ ಹೆಂಗಸರು ಕೆಳಗಿನ ಗೆಳತಿಯ ಚೀರಾಟ ಕೇಳಿ ಪೊಲೀಸರಿಗೆ ಫೋನ್ ಮಾಡಿದರು. ಪೊಲೀಸರು ಬಂದರು, ಬಾಗಿಲು ತಟ್ಟಿದರು, ಉತ್ತರ ಬರಲಿಲ್ಲ ಅಂತ ಹೊರಟುಹೋದರು. ಮತ್ತೆ ಫೋನ್ ಮಾಡಿದರು. ಈ ಸಲ ಯಾರೂ ಬರಲೇ ಇಲ್ಲ. ಮುಂದಿನದ್ದು ವಿವರಿಸುವುದಿಲ್ಲ, ಆ ಹೆಂಗಸರು ಗಂಟೆಗಟ್ಟಲೆ ನರಕ ಅನುಭವಿಸಿದರು. 1981ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಹೇಳಿದ್ದೇನು? ಪೊಲೀಸರ ಕರ್ತವ್ಯ ಒಟ್ಟು ಸಮಾಜದ ಕಡೆಗೆ, ಇಂಥ ಒಬ್ಬ ವ್ಯಕ್ತಿಯನ್ನು ಕಾಪಾಡಲೇಬೇಕು ಅನ್ನುವ ಹೊಣೆ ಇಲ್ಲ. 2005ರಲ್ಲಿ ಕೊಲೊರಾಡೋದ ಇನ್ನೊಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟೂ ಹೆಚ್ಚುಕಡಿಮೆ ಇದೇ ದಾರಿ ಹಿಡಿಯಿತು. ಇದನ್ನು ಓದಿ ಯಾರಾದರೂ ಬಂದೂಕಿನ ಅಂಗಡಿಗೆ ಹೋದರೆ ನನಗೆ ನಗು ಬರುವುದಿಲ್ಲ.

ಟೆಕ್ಸಸ್‌ನ ಸದರ್‌ಲ್ಯಾಂಡ್ ಸ್ಪ್ರಿಂಗ್ಸ್‌ನಲ್ಲಿ ನಡೆದದ್ದನ್ನು ಕೇಳಿದರೂ ಅಷ್ಟೇ. 2017ರ ನವೆಂಬರ್ 5, ಭಾನುವಾರ. ಒಬ್ಬ ಚರ್ಚಿಗೆ ನುಗ್ಗಿ ಗುಂಡಿನ ಮಳೆ ಸುರಿಸಿದ. 26 ಜೀವ ಹೋಯಿತು. ಅವರಲ್ಲಿ ಇನ್ನೂ ಹುಟ್ಟದ ಒಂದು ಮಗುವೂ ಇತ್ತು. ಚರ್ಚಿನ ಹತ್ತಿರವೇ ಮನೆಯಿದ್ದ ಪ್ಲಂಬರ್ ಒಬ್ಬರಿಗೆ ಮಗಳು ಬಂದು ಗುಂಡಿನ ಸದ್ದು ಅಂದಳು. ಅವರು ರೈಫಲ್ ತೆಗೆದು, ಒಂದು ಹಿಡಿ ಗುಂಡು ತುಂಬಿಕೊಂಡು ಓಡಿದರು. ಚಪ್ಪಲಿ ಹಾಕಿಕೊಳ್ಳಲು ಸಮಯ ಇರಲಿಲ್ಲ, ಬರಿಗಾಲು. ಪಿಕಪ್ ಗಾಡಿಯ ಮರೆಯಲ್ಲಿ ನಿಂತು, ಗುಂಡು ನಿರೋಧಕ ಅಂಗಿ ತೊಟ್ಟವನ ಮೇಲೆ ಗುರಿಯಿಟ್ಟು ಹೊಡೆದರು. ಅವನು ಕಾರು ಹತ್ತಿ ಓಡಿದ. ಇವರು ದಾರಿಯಲ್ಲಿದ್ದ ಒಬ್ಬರ ಗಾಡಿ ಹತ್ತಿ ಅಟ್ಟಿಸಿಕೊಂಡು ಹೋದರು. ಆ ಗಾಡಿಯವರು ಇವರಿಗೆ ಯಾರೆಂದೇ ಗೊತ್ತಿರಲಿಲ್ಲ.

ಅಲ್ಲಿ ಎಲ್ಲವೂ ಒದಗಿಬಂತು. ಮನೆ ಪಕ್ಕದ ಚರ್ಚು, ಒಳಗಿದ್ದವರು ಪರಿಚಯದವರು, ಕಪ್ಪು ಬಟ್ಟೆಯ ಹಂತಕ ಎದುರಿಗೇ, ಬಂದೂಕು ಕಲಿಸಿ ಗೊತ್ತಿದ್ದ ಕೈ. ಇದೇ ಕಥೆಗೆ ಇನ್ನೊಂದು ಬಾಲ ಇದೆ. ಹಂತಕ ಮೊದಲು ವಾಯುಪಡೆಯಲ್ಲಿದ್ದವನು, ಮನೆಯವರನ್ನು ಹೊಡೆದು ಶಿಕ್ಷೆ ಅನುಭವಿಸಿದ್ದವನು. ಆ ಶಿಕ್ಷೆಯ ಮಾಹಿತಿಯನ್ನು ವಾಯುಪಡೆ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐಗೆ ಕಳಿಸಿರಲಿಲ್ಲ. ಕಳಿಸಿದ್ದರೆ ಅಂಗಡಿಯಲ್ಲಿ ಅವನಿಗೆ ಬಂದೂಕು ಸಿಗುತ್ತಿರಲಿಲ್ಲ. 2021ರಲ್ಲಿ ನ್ಯಾಯಾಧೀಶರೊಬ್ಬರು ಶೇ. 60ರಷ್ಟು ಹೊಣೆ ಸರ್ಕಾರದ್ದು ಅಂದರು. ಒಬ್ಬ ಗುಮಾಸ್ತ ಒಂದು ಫಾರಂ ತುಂಬಿ ಕಳಿಸಿದ್ದರೆ ಪ್ಲಂಬರ್ ಆ ದಿನ ಬರಿಗಾಲಲ್ಲಿ ಓಡಬೇಕಾಗಿರಲಿಲ್ಲ.

ಇಂಥದ್ದು ಎಷ್ಟು ಸಲ ಆಗುತ್ತದೆ? ಈ ವಿಷಯದಲ್ಲಿ ಅಂಕಿ ಅಂಶ ಅಂದರೆ ಜಗಳ. ಅಮೆರಿಕನ್ನರು ವರ್ಷಕ್ಕೆ ಎಷ್ಟು ಸಲ ಆತ್ಮರಕ್ಷಣೆಗೆ ಬಂದೂಕು ತೋರಿಸುತ್ತಾರೆ ಅಂತ ಕೇಳಿದರೆ, ಸರ್ಕಾರದ ಸಮೀಕ್ಷೆಯಿಂದ ತೆಗೆದ ಲೆಕ್ಕ ಒಂದು ಲಕ್ಷದ ಆಸುಪಾಸು ನಿಲ್ಲುತ್ತದೆ. 1995ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಅಧ್ಯಯನ 25 ಲಕ್ಷ ಅನ್ನುತ್ತದೆ. ಇಷ್ಟು ಅಂತರ ಇರುವ ಕಡೆ ನಾನು ಸುಮ್ನೆ ಒಂದು ಸಂಖ್ಯೆ ಆರಿಸಿ ನಿಮ್ಮ ಮುಂದೆ ಇಡುವುದಿಲ್ಲ.

ಗುಂಪಿನ ಮೇಲೆ ಗುಂಡು ಹಾರಿಸುವ ಪ್ರಕರಣಗಳ ಬಗ್ಗೆ ಎಫ್‌ಬಿಐ ಲೆಕ್ಕ ಒಂದಿದೆ. 2000ದಿಂದ 2013ರವರೆಗೆ 160 ಪ್ರಕರಣ. ಅದರಲ್ಲಿ 5 ಕಡೆ ಪೊಲೀಸರಲ್ಲದ, ಬಂದೂಕಿದ್ದ ಜನರಿಂದ ಹಂತಕನ ಆಟ ನಿಂತಿತು. ಆ ಐದರಲ್ಲೂ ನಾಲ್ಕು ಕಡೆ ಇದ್ದದ್ದು ಕಾವಲು ಸಿಬ್ಬಂದಿ, ಒಂದು ಕಡೆ ಮಾತ್ರ ಲೈಸೆನ್ಸ್ ಇದ್ದ ಸಾಮಾನ್ಯ ಮನುಷ್ಯ. ಬರಿಗೈಯಲ್ಲಿ ಮೇಲೆ ಬಿದ್ದು ಹಂತಕನನ್ನು ಹಿಡಿದದ್ದು 21 ಕಡೆ. ಅದರಲ್ಲಿ 11 ಕಡೆ ಹಾಗೆ ಎದುರಾದವರು ಶಾಲೆಗಳ ಮೇಷ್ಟರು, ಸಿಬ್ಬಂದಿ, ವಿದ್ಯಾರ್ಥಿಗಳು. ಬಂದೂಕು ಪರ ಇರುವವರು ಎಫ್‌ಬಿಐ ಲೆಕ್ಕದಲ್ಲಿ ಎಷ್ಟೋ ಪ್ರಕರಣ ಬಿಟ್ಟುಹೋಗಿವೆ ಅನ್ನುತ್ತಾರೆ. ಇರಬಹುದು. ಆದರೆ ಆ 21ರ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ ಅನ್ನುವುದು ನನಗೆ ವಿಚಿತ್ರ ಅನಿಸುತ್ತದೆ.

ಈಗ ನನ್ನನ್ನು ತುಂಬಾ ಕಾಡಿದ ಘಟನೆ. 2021ರ ಜೂನ್ 21, ಕೊಲೊರಾಡೋದ ಆರ್ವಾಡ ಪಟ್ಟಣ. ಹಳೇ ಪೇಟೆ, ಹಗಲು ಹೊತ್ತು. ಪೊಲೀಸರ ಮೇಲೆ ದ್ವೇಷ ಇದ್ದ ಒಬ್ಬ, ನಡೆದು ಹೋಗುತ್ತಿದ್ದ ಪೊಲೀಸ್ ಅಧಿಕಾರಿಯನ್ನು ಹಿಂದಿನಿಂದ ಬಂದು ಷಾಟ್‌ಗನ್‌ನಿಂದ ಕೊಂದ. ಆಮೇಲೆ ತನ್ನ ಗಾಡಿಗೆ ಹೋಗಿ ರೈಫಲ್ ತಂದ. ಪಕ್ಕದ ಅಂಗಡಿಯಲ್ಲಿ 40 ವರ್ಷದ ಒಬ್ಬ ಗಿರಾಕಿ ಇದ್ದ. ಸೊಂಟದಲ್ಲಿ ಪಿಸ್ತೂಲು. ಮಿಕ್ಕವರು ಒಳಗೆ ಅಡಗಿದರೆ ಇವನು ಹೊರಗೆ ಓಡಿದ. ಗುರಿಯಿಟ್ಟು ಹಂತಕನನ್ನು ಹೊಡೆದು ಕೆಡವಿದ. ಅಲ್ಲಿಗೆ ಕಥೆ ಮುಗಿದಿದ್ದರೆ ಅವನ ಹೆಸರಿನಲ್ಲಿ ಒಂದು ಬೀದಿ ಇರುತ್ತಿತ್ತೇನೋ.

ಬಿದ್ದವನ ರೈಫಲ್ ಅಲ್ಲೇ ಇತ್ತಲ್ಲ. ಅದನ್ನು ಹಾಗೇ ಬಿಡಬಾರದು ಅಂತ ಅವನಿಗೆ ಅನಿಸಿರಬೇಕು. ಎತ್ತಿಕೊಂಡ. ಒಂದು ಕೈಯಲ್ಲಿ ತನ್ನ ಪಿಸ್ತೂಲು, ಇನ್ನೊಂದರಲ್ಲಿ ಅವನ ರೈಫಲ್. ಅದರ ಗುಂಡು ತೆಗೆಯುತ್ತಿದ್ದ ಹಾಗಿತ್ತು. ಎದುರಿನ ಪೊಲೀಸ್ ಉಪಠಾಣೆಯೊಳಗಿಂದ ಒಬ್ಬ ಅಧಿಕಾರಿ ಬಾಗಿಲ ಗಾಜಿನಲ್ಲಿ ನೋಡುತ್ತಿದ್ದ. ಅವನಿಗೆ ಕಂಡದ್ದು ಕೆಂಪು ಅಂಗಿಯವನೊಬ್ಬ, ಕೈಯಲ್ಲಿ ರೈಫಲ್. ಬಾಗಿಲು ತೆರೆದು ಗುಂಡು ಹಾರಿಸಿದ. ನಿಲ್ಲು ಅನ್ನಲಿಲ್ಲ, ಬಿಸಾಡು ಅನ್ನಲಿಲ್ಲ.

ಆ ಅಧಿಕಾರಿಯ ಮೇಲೆ ಮೊಕದ್ದಮೆ ಹಾಕಲಿಲ್ಲ. ಅವನ ಜಾಗದಲ್ಲಿ ಯಾರಿದ್ದರೂ ಇವನೇ ಹಂತಕ ಅಂದುಕೊಳ್ಳುತ್ತಿದ್ದರು ಅನ್ನುವುದು ಸರ್ಕಾರಿ ವಕೀಲರ ವಾದ. ಆ ಗುಂಡಿಗೆ ಸತ್ತ ಗಿರಾಕಿ ಹೀರೋ ಅಂತ ಪೊಲೀಸ್ ಮುಖ್ಯಸ್ಥರೇ ಹೇಳಿದರು. ಎರಡು ವರ್ಷದ ಮೇಲೆ ಅವನ ತಾಯಿ ಹಾಕಿದ ದಾವೆ 28 ಲಕ್ಷ ಡಾಲರ್‌ಗೆ ರಾಜಿ ಆಯಿತು. ಇಲ್ಲಿ ಕೆಟ್ಟವನು ಯಾರು ಅಂತ ಹುಡುಕಿದರೆ ಆ ಹಂತಕ ಬಿಟ್ಟರೆ ಬೇರೆ ಯಾರೂ ಸಿಗುವುದಿಲ್ಲ. ಅದಕ್ಕೇ ಇದು ಕಾಡುತ್ತದೆ.

ಹಾಗಂತ ಎಲ್ಲರನ್ನೂ ಒಂದೇ ತರಹ ತಪ್ಪು ತಿಳಿಯುತ್ತಾರೆ ಅಂದುಕೊಳ್ಳಬೇಡಿ. 2018ರ ನವೆಂಬರ್ ಒಂದೇ ತಿಂಗಳಲ್ಲಿ ಎರಡು ಘಟನೆ. ಶಿಕಾಗೋ ಬಳಿಯ ರಾಬಿನ್ಸ್‌ನಲ್ಲಿ, ಬಾರಿನ ಕಾವಲುಗಾರನೊಬ್ಬ ಗುಂಡು ಹಾರಿಸಿದವನನ್ನು ನೆಲಕ್ಕೆ ಒತ್ತಿ ಹಿಡಿದಿದ್ದ. ಬಂದ ಪೊಲೀಸರು ಕಾವಲುಗಾರನನ್ನೇ ಕೊಂದರು. ಅಲಬಾಮದ ಹೂವರ್‌ನಲ್ಲಿ, ಮಾಲ್ ಒಳಗೆ ಗುಂಡಿನ ಸದ್ದಾದಾಗ 21ರ ಯುವಕನೊಬ್ಬ ತನ್ನ ಪಿಸ್ತೂಲು ತೆಗೆದ. ಪೊಲೀಸರು ಹಿಂದಿನಿಂದ ಹೊಡೆದರು. ಇವನೇ ಗುಂಡು ಹಾರಿಸಿದವನು ಅಂತ ಮೊದಲು ಹೇಳಿ, ಆಮೇಲೆ ಅಲ್ಲ ಅಂದರು. ಇಬ್ಬರೂ ಕಪ್ಪು ಜನ. ಕೆಟ್ಟವನನ್ನು ತಡೆಯಲು ಒಳ್ಳೆಯವನು ಬಂದೂಕು ಹಿಡಿದರೆ ಸಾಕು ಅಂತ ಬಂದೂಕು ಪರ ಇರುವವರು ಹೇಳುವ ಮಾತು ಕೇಳಿದಾಗಲೆಲ್ಲ ನನಗೆ ಇವರಿಬ್ಬರ ನೆನಪಾಗುತ್ತದೆ. ಒಳ್ಳೆಯವನು ಅನ್ನುವುದು ಮುಖದ ಮೇಲೆ ಬರೆದಿರುವುದಿಲ್ಲ. ಆದರೆ ನೋಡುವವರು ಏನೋ ಒಂದನ್ನು ಓದಿಯೇ ಓದುತ್ತಾರೆ.

ಇಷ್ಟು ಹೊತ್ತು ಕಾಪಾಡಲು ಹೋದವನನ್ನು ಬೇರೆಯವರು ತಪ್ಪು ತಿಳಿದದ್ದು. ಕಾಪಾಡಲು ಹೋದವನೇ ಬೇರೆಯವರನ್ನು ತಪ್ಪು ತಿಳಿದರೆ?

ಟೆಕ್ಸಸ್‌ನ ಪ್ಯಾಸಡೀನ, 2007ರ ನವೆಂಬರ್. ಪಕ್ಕದ ಮನೆಗೆ ಇಬ್ಬರು ಕಿಟಕಿ ಒಡೆದು ನುಗ್ಗಿದ್ದನ್ನು 61ರ ಒಬ್ಬರು ನೋಡಿ ಅಲ್ಲಿನ ತುರ್ತು ನಂಬರ್ 911ಕ್ಕೆ ಫೋನ್ ಮಾಡಿದರು. ಫೋನಿನ ಆ ಕಡೆಯವನು ಮತ್ತೆ ಮತ್ತೆ ಹೇಳಿದ: ಹೊರಗೆ ಹೋಗಬೇಡಿ, ಪೊಲೀಸರು ಬರುತ್ತಿದ್ದಾರೆ, ಸಾಮಾನಿಗೋಸ್ಕರ ಒಂದು ಜೀವ ತೆಗೆಯಬೇಕಾಗಿಲ್ಲ. ಇವರು ಕೇಳಲಿಲ್ಲ. ಷಾಟ್‌ಗನ್ ಹಿಡಿದು ಹೋಗಿ ಇಬ್ಬರನ್ನೂ ಕೊಂದರು. ಆ ಹೊತ್ತಿಗೆ ಮಫ್ತಿಯಲ್ಲಿದ್ದ ಪೊಲೀಸ್ ಒಬ್ಬ ಮನೆ ಮುಂದೆ ಕಾರಿನಲ್ಲೇ ಬಂದು ಕೂತಿದ್ದ. ಎಲ್ಲಿ ತನ್ನನ್ನೂ ಕಳ್ಳರ ಡ್ರೈವರ್ ಅಂದುಕೊಂಡುಬಿಡುತ್ತಾರೋ ಅನ್ನುವ ಭಯ ಅವನಿಗೆ!

ಆ ಇಬ್ಬರು ನಿಜವಾಗಿ ಕಳ್ಳರೇ. ಚೀಲದಲ್ಲಿ ಕದ್ದ ದುಡ್ಡು, ಒಡವೆ ಇತ್ತು. ಮೊಕದ್ದಮೆ ಹಾಕಬೇಕೇ ಅಂತ ತೀರ್ಮಾನಿಸುವ ನಾಗರಿಕರ ಮಂಡಳಿ, ಗ್ರ್ಯಾಂಡ್ ಜ್ಯೂರಿ, ಮೊಕದ್ದಮೆಗೇ ಒಪ್ಪಲಿಲ್ಲ. ಟೆಕ್ಸಸ್ ಕಾನೂನಿನಲ್ಲಿ ಬೇರೆಯವರ ಆಸ್ತಿ ಕಾಯಲೂ ಕೆಲವು ಸಂದರ್ಭದಲ್ಲಿ ಗುಂಡು ಹಾರಿಸಬಹುದು. ನನ್ನನ್ನು ಹಿಡಿದು ನಿಲ್ಲಿಸುವುದು ಫೋನಿನಲ್ಲಿ ಅವರು ಹೇಳಿದ ಒಂದು ಮಾತು. ಈ ಮನೆಯವರ ಪರಿಚಯ ನನಗೆ ಅಷ್ಟಿಲ್ಲ, ಆ ಕಡೆ ಮನೆಯವರು ಚೆನ್ನಾಗಿ ಗೊತ್ತು, ಅವರ ಮನೆ ಆಗಿದ್ದರೆ ಇಷ್ಟು ಹೊತ್ತಿಗೆ ಏನಾದರೂ ಮಾಡಿರುತ್ತಿದ್ದೆ ಅನ್ನುವ ಅರ್ಥದ ಮಾತು. ಅಂದರೆ ಯಾರಿಗೋಸ್ಕರ ಕೊಂದರೋ ಅವರ ಪರಿಚಯವೂ ಇಲ್ಲ, ಯಾರನ್ನು ಕೊಂದರೋ ಅವರ ಪರಿಚಯವಂತೂ ಇಲ್ಲವೇ ಇಲ್ಲ.

ಜಾರ್ಜಿಯಾ ರಾಜ್ಯದ ಬ್ರನ್ಸ್‌ವಿಕ್ ಹತ್ತಿರದ ಕಥೆ ನಿಮಗೂ ಗೊತ್ತಿರುತ್ತದೆ. 2020ರ ಫೆಬ್ರುವರಿ 23. 25ರ ಕಪ್ಪು ಯುವಕನೊಬ್ಬ ಓಡುತ್ತಿದ್ದ. ಕಳ್ಳ ಇರಬೇಕು ಅಂತ ಅಪ್ಪ ಮಗ ಬಂದೂಕು ಹಿಡಿದು ಪಿಕಪ್ ಹತ್ತಿದರು. ಇನ್ನೊಬ್ಬ ನೆರೆಯವನು ಹಿಂದೆ ಬಂದು ವಿಡಿಯೋ ಮಾಡಿದ. ಯುವಕ ಸತ್ತ. ಅವನು ಆ ದಿನ ಕಟ್ಟುತ್ತಿದ್ದ ಒಂದು ಮನೆಯೊಳಗೆ ಹೋಗಿ ನೋಡಿದ್ದು ನಿಜ, ಏನೂ ಕದ್ದಿರಲಿಲ್ಲ. ಎರಡು ತಿಂಗಳಿಗೂ ಜಾಸ್ತಿ ಕಾಲ ಯಾರ ಬಂಧನವೂ ಆಗಲಿಲ್ಲ. ವಿಡಿಯೋ ಹೊರಗೆ ಬಂದ ಮೇಲೆ ಆಯಿತು. ನಾಗರಿಕರೇ ಬಂಧಿಸಬಹುದು ಅನ್ನುವ 1863ರ ಕಾನೂನಿನ ಆಸರೆ ಹಿಡಿದರು, ಉಳಿಯಲಿಲ್ಲ. ಮೂವರಿಗೂ ಜೀವಾವಧಿ ಶಿಕ್ಷೆ. ಆ ಕಾನೂನನ್ನೇ 2021ರಲ್ಲಿ ಜಾರ್ಜಿಯಾ ರದ್ದು ಮಾಡಿತು. ಆ ಮೂವರೂ ನಾವು ನಮ್ಮ ಬಡಾವಣೆ ಕಾಯುತ್ತಿದ್ದೇವೆ ಅಂದುಕೊಂಡೇ ಹೊರಟವರು.

ಹಾಗಾದರೆ ನಾನು ಬಂದೂಕಿನ ವಿರೋಧಿ ಅಂತ ತೀರ್ಮಾನಕ್ಕೆ ಬರುವ ಮುಂಚೆ ಲೂಯಿಸಿಯಾನಕ್ಕೆ ಬನ್ನಿ. 1964ರಲ್ಲಿ ಜೋನ್ಸ್‌ಬರೋ ಊರಲ್ಲಿ ಕಪ್ಪು ಜನರನ್ನು ದ್ವೇಷಿಸುವ ಬಿಳಿಯರ ಗುಂಪು ಕು ಕ್ಲಕ್ಸ್ ಕ್ಲಾನ್ ಅವರ ಕೇರಿಯಲ್ಲೇ ಕಾರುಗಳ ಮೆರವಣಿಗೆ ಹೊರಟಿತು. ಮುಂದೆ ದಾರಿ ತೋರಿಸಿದ್ದು ಪೊಲೀಸರ ಕಾರು. ಆ ಕೇರಿಯವರು ಯಾರಿಗೆ ಫೋನ್ ಮಾಡಬೇಕಿತ್ತು? ಎರಡನೇ ಮಹಾಯುದ್ಧ, ಕೊರಿಯಾ ಯುದ್ಧ ಮುಗಿಸಿ ಬಂದ ಗಂಡಸರು ಅಲ್ಲಿ ಬೇಕಾದಷ್ಟಿದ್ದರು. ಅವರು ಸೇರಿ ಡೀಕನ್ಸ್ ಫಾರ್ ಡಿಫೆನ್ಸ್ ಅಂತ ಗುಂಪು ಕಟ್ಟಿದರು. ರಾತ್ರಿ ಬಂದೂಕು, ರೇಡಿಯೋ ಹಿಡಿದು ಕೇರಿ ಸುತ್ತಿದರು.

ಅದೇ ರಾಜ್ಯದ ಬೊಗಲೂಸದಲ್ಲಿ 1965ರ ಫೆಬ್ರುವರಿಯ ಒಂದು ರಾತ್ರಿ. ಕಾಗದ ಕಾರ್ಖಾನೆಯ ನೌಕರ ರಾಬರ್ಟ್ ಹಿಕ್ಸ್ ಅವರ ಮನೆಯಲ್ಲಿ ನಾಗರಿಕ ಹಕ್ಕು ಚಳವಳಿಯ ಇಬ್ಬರು ಬಿಳಿಯ ಕಾರ್ಯಕರ್ತರು ಉಳಿದುಕೊಂಡಿದ್ದರು. ಊರಿನ ಪೊಲೀಸ್ ಮುಖ್ಯಸ್ಥ ಬಂದು, ಇವರನ್ನು ಕಳಿಸಿಬಿಡಿ, ಗುಂಪು ಬರುತ್ತಿದೆ, ನಮ್ಮಿಂದ ಕಾಯಲು ಆಗುವುದಿಲ್ಲ ಅಂದ. ಹಿಕ್ಸ್ ದಂಪತಿ ಕಳಿಸಲಿಲ್ಲ. ಫೋನ್ ಎತ್ತಿಕೊಂಡರು. ಗುರುತಿನವರಿಗೆ ಒಬ್ಬೊಬ್ಬರಿಗೇ ಫೋನ್. ಮಕ್ಕಳನ್ನು ಬೇರೆಯವರ ಮನೆಗೆ ಕಳಿಸಿದರು. ಸ್ವಲ್ಪ ಹೊತ್ತಿಗೆ ನೆರೆಯ ಗಂಡಸರು ಬಂದೂಕು ಹಿಡಿದು ಬಂದು ಮನೆ ತುಂಬಿದರು. ಸುದ್ದಿ ಹಬ್ಬಿತು. ಆ ಗುಂಪು ಬರಲೇ ಇಲ್ಲ.

ನಾರ್ತ್‌ಫೀಲ್ಡ್‌ಗಿಂತ ನನಗೆ ಈ ಕಥೆ ದೊಡ್ಡದು. ಇಲ್ಲಿ ಮೊದಲು ಕೆಲಸ ಮಾಡಿದ್ದು ಫೋನು. ಯಾರಿಗೆ ಫೋನ್ ಮಾಡಿದರೆ ಬರುತ್ತಾರೆ ಅಂತ ಗೊತ್ತಿತ್ತು. ಬಂದವರನ್ನು ಬಾಗಿಲಲ್ಲಿ ನೋಡಿದ ಕೂಡಲೇ ಹೆಸರು ಹಿಡಿದು ಒಳಗೆ ಕರೆಯಬಹುದಿತ್ತು.

ಮಾತು ಮುಗಿದ ಮೇಲೆ ಸಭೆಯಿಂದ ಬಂದ ಒಂದು ಪ್ರಶ್ನೆಯನ್ನು ಇಲ್ಲಿ ಸೇರಿಸುತ್ತೇನೆ. ಅಮೆರಿಕದಲ್ಲಿ ಬಂದೂಕು ಕೊಳ್ಳುವವರಿಗೆ ಇದನ್ನೆಲ್ಲ ಯಾರಾದರೂ ಹೇಳಿಕೊಡುತ್ತಾರಾ ಅಂತ ಒಬ್ಬರು ಕೇಳಿದರು.

ಹೇಳಿಕೊಡುತ್ತಾರೆ, ತರಗತಿಗೆ ಹೋದರೆ. ಅಲ್ಲಿನ ಅರ್ಧಕ್ಕಿಂತ ಜಾಸ್ತಿ ರಾಜ್ಯಗಳಲ್ಲಿ ಈಗ ಪಿಸ್ತೂಲು ಬಚ್ಚಿಟ್ಟುಕೊಂಡು ತಿರುಗಲು ಪರ್ಮಿಟ್ಟೇ ಬೇಡ, ಹಾಗಾಗಿ ತರಗತಿಯೂ ಕಡ್ಡಾಯವಲ್ಲ. ಹೋದವರಿಗೆ ಒಳ್ಳೆಯ ಮೇಷ್ಟರು ಸಿಕ್ಕರೆ ಗುರಿ ಹಿಡಿಯುವುದರ ಜೊತೆ ಇದನ್ನೂ ಕಲಿಸುತ್ತಾರೆ. ಗುರಿಯ ಹಿಂದೆ ಯಾರಿದ್ದಾರೆ ನೋಡು. ಸಾಧ್ಯವಾದರೆ ಮರೆಯಲ್ಲಿದ್ದು ಸಾಕ್ಷಿಯಾಗು. ಹೊಡೆಯಲೇಬೇಕಾಗಿ ಬಂತು, ಹೊಡೆದೆ ಅಂತಿಟ್ಟುಕೋ. ಅಪಾಯ ಕಳೆದ ತಕ್ಷಣ ಬಂದೂಕನ್ನು ಒರೆಗೆ ಹಾಕು. ಬಿದ್ದವನ ಬಂದೂಕು ಮುಟ್ಟಬೇಡ. ಪೊಲೀಸರು ಕಂಡ ಕೂಡಲೇ ಖಾಲಿ ಕೈ ಮೇಲೆತ್ತು. ಅದಕ್ಕೂ ಮುಂಚೆ, ಆಗುವ ಹಾಗಿದ್ದರೆ, 911ಕ್ಕೆ ಫೋನ್ ಮಾಡಿ ಹೇಳು: ಬಂದೂಕು ನನ್ನ ಹತ್ತಿರವೂ ಇದೆ, ನಾನು ಬಾಗಿಲ ಎಡಗಡೆ ನಿಂತಿದ್ದೇನೆ, ನನ್ನ ಅಂಗಿ ಇಂಥ ಬಣ್ಣದ್ದು.